ಮನೆಯಿಲ್ಲದ ಪಟ

“ಈ ಮನೆಯಿಂದ ಹೊಗೆ ಏಳ್ತಿರೋವರೆಗೂ ಮರಕ್ಕೆ ಕೊಡಲಿ ತಾಕಗೊಡಲ್ಲ.” ಸಿಗ್ರಿ ತನ್ನ ಅತ್ತೆಗೆ ಹೀಗೆ ಮಾತು ಕೊಟ್ಟಿದ್ದು ಮದುವೆಯಾಗಿ ಬಂದ ಮೊದಲ ಕ್ರಿಸ್‌ಮಸ್ಸಿನಲ್ಲಿ. ಹಬ್ಬಕ್ಕೆಂದು ಮನೆಯಲ್ಲೇ ಮಾಡಿದ ಬಿಯರಿನ ಮೊದಲ ಬೋಗುಣಿಯನ್ನು ಅತ್ತೆ ಅಂಗಳದ ಮುದಿ ಬರ್ಚ್ ಮರದ ಬುಡಕ್ಕೆ ಸುರಿದು, ಖಾಲಿ ಬೋಗುಣಿಯನ್ನು ಸೊಸೆಯ ಕೈಗಿಟ್ಟಿದ್ದಳು. “ನಾವು ಕುಡಿಯೋ ಮೊದಲು ಅದು ಕುಡೀಬೇಕು, ತಿಳೀತಾ?”

ಅತ್ತೆ ತೀರಿಕೊಂಡಳು. ಹೆರಿಂಗ್ ಮೀನಿಗೆ ಹೋದ ಗಂಡ ಕಡಲಿಂದ ತಿರುಗಿ ಬರಲಿಲ್ಲ. ಈಗ ಮನೆಗೆ ಗಂಡಸು ಅಂತ ಉಳಿದವನು ಮೈದುನ ಹಾಲ್ವರ್. ಅವನಿಗೂ ಮರಕ್ಕೂ ಎಣ್ಣೆ ಸೀಗೆಕಾಯಿ. ಅದರ ನೆರಳು ಬಿದ್ದಷ್ಟು ದೂರಕ್ಕೂ ಬಾರ್ಲಿ ಬರೀ ಜೊಳ್ಳು.

ಆ ಬೇಸಿಗೆಯಲ್ಲಿ ಡ್ರೆಸ್ಡೆನ್ನಿನಲ್ಲಿ ಕಲಿತ ಚಿತ್ರಕಾರನೊಬ್ಬ ದೋಣಿಯಿಳಿದು ಬಂದ. ಮರ ನೋಡಿದವನೇ ಇಗರ್ಜಿಗೆ ಬಂದವನಂತೆ ಟೋಪಿ ತೆಗೆದು, ಇದರ ಪಟ ಬರೀಬೇಕು ಅಂದ. ಹಾಲ್ವರ್‌ಗೆ ಅದೇ ನೆಪವಾಯಿತು.

“ಬರೀಲಿ ಅತ್ತಿಗೆ. ಪಟ ಮುಗಿದ ದಿನ ಕಡಿದು ಹಾಕ್ತೀನಿ. ಮರ ಪಟದಲ್ಲಿ ಇದ್ದೇ ಇರುತ್ತಲ್ಲ, ಇನ್ನೇನು ಬೇಕು ನಿಂಗೆ?”

“ಪಟಕ್ಕೆ ಬಿಯರ್ ಕುಡಿಸ್ತೀಯಾ?”

“ಅದನ್ನ ನಾನೇ ಕುಡೀತೀನಿ ಬಿಡು. ದಂಡ ಆಗೋದು ತಪ್ಪುತ್ತೆ.”

ಭಾನುವಾರ ಪ್ರಾರ್ಥನೆ ಮುಗಿಸಿ ಹೊರಬಂದವರನ್ನೆಲ್ಲ ತಡೆದು ನಿಲ್ಲಿಸಿ ಹಾಲ್ವರ್ ಹೇಳಿದ್ದೇ ಹೇಳಿದ್ದು: ನಮ್ಮ ಮನೆ ರಾಜಧಾನಿ ಕ್ರಿಸ್ಟಿಯಾನಿಯಾದ ದೊಡ್ಡ ಮನುಷ್ಯರ ಗೋಡೆ ಮೇಲೆ ಕೂರುತ್ತೆ, ನೋಡ್ತಿರಿ.

ಪಟ ಮುಗಿಯಿತು. ಹಾಲ್ವರ್ ಮಸೆದ ಕೊಡಲಿಯನ್ನು ಹೆಗಲಿಗಿಟ್ಟುಕೊಂಡೇ ನೋಡಲು ಬಂದ. ಪಟದಲ್ಲಿ ಕಪ್ಪು ಮೋಡ, ಹಿಂದೆ ಹಿಮದ ಬೆಟ್ಟ, ನಡುವೆ ಗಾಳಿಗೆ ಮೈ ತಿರುಚಿಕೊಂಡ ಮರ. ಅಷ್ಟೇ.

“ಮನೆ ಎಲ್ಲಿ ಸ್ವಾಮಿ?”

“ಬಿಟ್ಟುಬಿಟ್ಟೆ. ಮರ ಒಂಟಿಯಾಗಿದ್ದರೇ ಚೆಂದ.”

“ಮತ್ತೆ ನಾನು? ಬೇಲಿ ಹತ್ತಿರ ದಿನಾ ನಿಂತಿದ್ನಲ್ಲ, ಭಾನುವಾರದ ಕೋಟು ಹಾಕ್ಕೊಂಡು!”

“ಓ, ಅದಕ್ಕಾ ನಿಲ್ತಿದ್ದಿದ್ದು?” ಅಂದ ಚಿತ್ರಕಾರ.

ಸಿಗ್ರಿ ನಗು ತಡೆಯಲಿಲ್ಲ. ಹಾಲ್ವರ್ ಮುಖ ಕೆಂಪಾಯಿತು. “ನಗು, ನಗು. ಈ ಪಟದಲ್ಲಿ ಮನೆಯೂ ಇಲ್ಲ, ಹೊಗೆಯೂ ಇಲ್ಲ. ಅಲ್ಲಿಗೆ ನಿನ್ನ ಮಾತಿನ ಋಣ ತೀರಿತು ಅತ್ತಿಗೆ.”

ಅವಳು ಒಳಗೆ ಹೋದಳು. ಬಿಯರಿಗೆಂದು ತರಿದಿಟ್ಟ ಹಸಿ ಜೂನಿಪರ್ ಸೊಪ್ಪನ್ನು ಒಂದು ತೆಕ್ಕೆ ಎತ್ತಿ ಒಲೆಗೆ ತುಂಬಿದಳು. ಹೊಗೆ ಮಾಡಿನಿಂದೆದ್ದು ಅಂಗಳಕ್ಕಿಳಿದು, ಚಿತ್ರಕಾರನನ್ನೂ ಅವನ ಪಟವನ್ನೂ ಕವಿಯಿತು. ಕಣ್ಣಲ್ಲಿ ನೀರು ಸುರಿಸುತ್ತಾ ಹೊರಬಂದವಳು ಕಾಂಡಕ್ಕೆ ಬೆನ್ನು ಕೊಟ್ಟು ನಿಂತಳು.

“ಈಗ ಕಾಣ್ತಾ ಹೊಗೆ?”

“ಪಕ್ಕಕ್ಕೆ ಸರಿ.”

“ಸರಿಯಲ್ಲ.”

“ಎಳೆದು ಹಾಕ್ತೀನಿ!”

“ಎಳಿ. ನಿಮ್ಮಣ್ಣನ ಹೆಂಡ್ತಿ ನಾನು, ಬಾರ್ಲಿ ಹೊರೆ ಹೊತ್ತ ಮೈ ಇದು. ಎಳೆದು ನೋಡು.”

ಅವನು ಕೊಡಲಿ ಎತ್ತಿದ. ಸಿಗ್ರಿ ಅವನ ಮೇಲಿಟ್ಟ ಕಣ್ಣು ತೆಗೆಯದೆ ಕೂಗಿದಳು: “ಚಿತ್ರಕಾರರೇ! ಬರ್ಕೊಳ್ಳಿ ಇದನ್ನ. ನಮ್ಮ ಹಾಲ್ವರ್‌ಗೆ ಪಟದಲ್ಲಿ ಬರೋ ಆಸೆ. ಕೊಡಲಿ ಸಮೇತ ಬರೀರಿ, ಎದುರಿಗೆ ನನ್ನನ್ನೂ ಬರೀರಿ. ಕ್ರಿಸ್ಟಿಯಾನಿಯಾದ ಗೋಡೆಗೆ ತೂಗಿಹಾಕಿ!”

ಕೆಮ್ಮುತ್ತಿದ್ದ ಚಿತ್ರಕಾರ ನಿಜಕ್ಕೂ ಹೊಸ ಹಾಳೆ ತೆಗೆದ. ಸೀಸದಕಡ್ಡಿ ಸರಸರ ಓಡತೊಡಗಿತು. “ಕೈ ಹಾಗೇ ಇರಲಿ,” ಅಂದ ಹಾಲ್ವರ್‌ಗೆ. “ಇನ್ನೂ ಸ್ವಲ್ಪ ಮೇಲೆ.”

ಹಾಲ್ವರ್ ಒಮ್ಮೆ ಹಾಳೆ ನೋಡಿದ, ಒಮ್ಮೆ ತನ್ನ ಕೈ ನೋಡಿಕೊಂಡ. ಕೊಡಲಿ ಮೆಲ್ಲಗೆ ಕೆಳಗಿಳಿಯಿತು.

“ಬರೀಬೇಡಿ ಮಾರಾಯರೇ,” ಅಂದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, “ಒಳಗೆ ಗಂಜಿ ಹೊಗೆ ಹಿಡಿದಿರುತ್ತೆ, ಹೋಗು.”

“ಹೊಗೆ ಹಿಡಿದಿದ್ದನ್ನೇ ತಿನ್ನು.”

ಆ ಕ್ರಿಸ್‌ಮಸ್ಸಿಗೂ ಮೊದಲ ಬೋಗುಣಿ ಮರದ ಬುಡಕ್ಕೇ ಬಿತ್ತು. ಎಷ್ಟೋ ವರ್ಷಗಳ ಮೇಲೆ ಸಿಗ್ರಿ ಸತ್ತ ದಿನವೂ ಮರ ನಿಂತೇ ಇತ್ತು. ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು.