ಮೂರು ಸಲ ಹೇಳಿದ ಒಂದೇ ಮಾತು

ನಾನು ಒಂದು ರಕ್ತಪರೀಕ್ಷೆಯ ಪಟ್ಟಿ. ಉದ್ದ ಕಿರುಬೆರಳಷ್ಟು, ತುದಿಯಲ್ಲಿ ಸಾಸಿವೆ ಕಾಳಿನಂಥ ಚಿನ್ನದ ಚುಕ್ಕೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಸುಗಂಧಾ ಹಂಪಣ್ಣವರ ಎಂಬ ಸಂಶೋಧಕಿ ಆ ಚುಕ್ಕೆಯ ಮೇಲೆ ಕೋಟಿಗಟ್ಟಲೆ ಡಿಎನ್‌ಎ ಎಳೆಗಳನ್ನು ನಾಟಿದ ದಿನವೇ ನನ್ನ ಹುಟ್ಟು. ಪ್ರತಿ ಎಳೆಯ ತುದಿಗೂ ನೀಲಿ ಬಣ್ಣದ ಒಂದು ಕಣ. ಟೋಬ್ರಾಮೈಸಿನ್ ಎಂಬ ಔಷಧಿ ಎದುರಾದರೆ ಎಳೆ ಅದನ್ನು ಅಪ್ಪಿ ಮಡಚಿಕೊಳ್ಳುತ್ತದೆ. ನೀಲಿ ಕಣ ಚಿನ್ನಕ್ಕೆ ಹತ್ತಿರವಾಗಿ ವಿದ್ಯುತ್ತು ಹೆಚ್ಚು ಹರಿಯುತ್ತದೆ. ರಕ್ತದಲ್ಲಿ ಔಷಧಿ ಎಷ್ಟಿದೆಯೆಂದು ನಾನು ಹೇಳುವುದು ಹೀಗೆ. ಬೇರೆ ಮಾತು ನನಗೆ ಬಾರದು.

ನನ್ನ ಜೊತೆ ಹನ್ನೊಂದು ಪಟ್ಟಿಗಳು ಹುಟ್ಟಿದವು. ಉಪ್ಪುನೀರಿನಲ್ಲಿ ಎಲ್ಲವೂ ಜಾಣ. ರಕ್ತ ಬಿದ್ದೊಡನೆ ಏಳು ತಡವರಿಸಿದವು. ರಕ್ತದಲ್ಲಿ ನೂಕುನುಗ್ಗಲು ಬಹಳ, ಬೇಡದ್ದೆಲ್ಲ ಮೈಗೆ ಮೆತ್ತಿಕೊಳ್ಳುತ್ತದೆ. ಉಳಿದ ನಮ್ಮನ್ನು ಸುಗಂಧಾ ಐಸಿನ ಡಬ್ಬಿಯಲ್ಲಿಟ್ಟು ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಪ್ರಯೋಗಕ್ಕೆಂದು ಒಯ್ದಳು.

ಅಲ್ಲಿ ಫಕ್ಕೀರಪ್ಪ ಕಮ್ಮಾರ ಮಲಗಿದ್ದ. ಬಸ್ ಡಿಪೋದ ಮೆಕ್ಯಾನಿಕ್. ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುವವನು. ಜ್ಯಾಕ್ ಜಾರಿ ಕಾಲು ಜಜ್ಜಿ, ನಂಜು ರಕ್ತಕ್ಕೇರಿತ್ತು. ಅದು ಟೋಬ್ರಾಮೈಸಿನ್ ಒಂದಕ್ಕೇ ಬಗ್ಗುತ್ತಿತ್ತು. ಔಷಧಿ ಕಡಿಮೆಯಾದರೆ ಜೀವಕ್ಕೆ ಅಪಾಯ. ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಕಿವಿ ಹೋಗುತ್ತದೆ. ಹೋದ ಕಿವಿ ಮರಳುವುದಿಲ್ಲ.

ಮೂರನೆಯ ದಿನ ಬೆಳಗ್ಗೆ, ಮುಂದಿನ ಡೋಸಿಗೆ ಒಂದು ಗಂಟೆ ಮುಂಚೆ, ಅವನ ರಕ್ತದ ಹನಿ ನನ್ನ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ಔಷಧಿ ಮಿಲಿಲೀಟರ್ ರಕ್ತಕ್ಕೆ ಒಂದು ಮೈಕ್ರೋಗ್ರಾಮಿಗಿಂತ ಕೆಳಗಿಳಿದಿರಬೇಕು. ನಾನು ನಾಲ್ಕು ಎಂದೆ.

ಸುಗಂಧಾಳ ಮುಖ ಕಪ್ಪಿಟ್ಟಿತು. ಅವಳ ಮೊದಲ ಅನುಮಾನ ನನ್ನ ಮೇಲೆಯೇ. ನನ್ನನ್ನು ತೊಳೆದಳು, ಇನ್ನೊಂದು ಹನಿ ಹಾಕಿದಳು. ನಾಲ್ಕು. ಮತ್ತೆ ತೊಳೆದಳು. ಮತ್ತೆ ನಾಲ್ಕು.

"ಇದು ಪ್ರಯೋಗದ ಪಟ್ಟಿ ಸುಗಂಧಾ. ಇದರ ಮಾತ ನಂಬಿ ಔಷಧಿ ನಿಲ್ಲಸಾಕ ಬರೂದಿಲ್ಲ," ಎಂದರು ಡಾಕ್ಟರ್ ವಾಸಂತಿ ತೊರಗಲ್ಲ.

"ಗೊತ್ತೈತ್ರಿ ಮೇಡಂ. ಆದ್ರ ಮೂರ್ ಸಲಾನೂ ಒಂದ ಮಾತ ಹೇಳೇತಿ."

ಡಾಕ್ಟರು ಬಗ್ಗಿ ಮೂತ್ರದ ಚೀಲ ಎತ್ತಿ ನೋಡಿದರು. ರಾತ್ರಿಯಿಂದ ತಳ ಮುಚ್ಚುವಷ್ಟೂ ತುಂಬಿರಲಿಲ್ಲ. ಚೀಲ ಕೆಳಗಿಟ್ಟವರೇ ನರ್ಸಿಗೆ ಹೇಳಿದರು: "ರಕ್ತ ದೊಡ್ಡ ಲ್ಯಾಬಿಗೆ ಈಗಿಂದೀಗ ಕಳಸ್ರಿ. ರಿಪೋರ್ಟ್ ಬರೂತನಾ ಇಂಜೆಕ್ಷನ್ ತಡೀರಿ."

ಆಮೇಲಿನ ನಾಲ್ಕು ಗಂಟೆ ನಾನು ಮರೆಯಲಾರೆ. ಜ್ವರ ನೂರ ಮೂರು ದಾಟಿ ನೂರ ನಾಲ್ಕಕ್ಕೇರಿತು. ಫಕ್ಕೀರಪ್ಪನ ಹೆಂಡತಿ ಗಂಗವ್ವ ಒದ್ದೆ ಬಟ್ಟೆ ಹಿಂಡಿ ಹಿಂಡಿ ಅವನ ಹಣೆಗೆ ಹಾಕುತ್ತಿದ್ದವಳು ಒಮ್ಮೆಲೆ ಎದ್ದು ನಿಂತಳು.

"ಮೈ ಕೆಂಡದಂಗ ಸುಡಾಕತ್ತೈತಿ. ಔಷಧಿ ಕಣ್ಣೆದುರಿಗೆ ಇಟ್ಕೊಂಡು ಕೊಡೂದಿಲ್ಲಂದ್ರ ಏನ್ರೀ ಅರ್ಥ?"

"ಹೆಚ್ಚಾದ್ರ ಕಿವಿ ಹೋಗ್ತೈತ್ರಿ ಅವ್ವಾರ," ಎಂದಳು ಸುಗಂಧಾ.

"ಮನಷ್ಯಾನ ಉಳೀಲಿಲ್ಲಂದ್ರ ಕಿವಿ ತಗೊಂಡು ಏನ್ ಮಾಡ್ಲವ್ವಾ?"

 ಸುಗಂಧಾ ಗಂಟೆಗೊಮ್ಮೆ ಹೊಸ ಹನಿ ಹಾಕಿ ನನ್ನನ್ನು ಕೇಳಿದಳು. ಮೂರೂ ಮುಕ್ಕಾಲು, ಮೂರೂವರೆ. ಇಳಿಯುತ್ತಿತ್ತು, ಆದರೆ ಆಮೆಯ ಹಾಗೆ. ನನ್ನ ಎಳೆಗಳ ಮೇಲೆ ರಕ್ತದ ಕೊಳೆ ದಪ್ಪವಾಗುತ್ತಿತ್ತು. ನಾನೇ ತಪ್ಪಿದ್ದರೆ? ತಪ್ಪಿದವರಿಗೆ ತಮ್ಮ ತಪ್ಪು ತಿಳಿಯುವುದಿಲ್ಲವಲ್ಲ. ಮಂಚದ ಮೇಲೆ ಫಕ್ಕೀರಪ್ಪ ಏನೋ ಗೊಣಗಿದ. ಯಾರಿಗೂ ಅರ್ಥವಾಗಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ದೊಡ್ಡ ಲ್ಯಾಬಿನಿಂದ ಫೋನು ಬಂತು. ಡಾಕ್ಟರು ಕೇಳಿಸಿಕೊಂಡು ಗೋಡೆಗೊರಗಿದರು. "ನಾಲ್ಕು ಪಾಯಿಂಟ್ ಒಂದು. ಕಿಡ್ನಿ ಔಷಧಿ ಹೊರಗ ಹಾಕಾಕತ್ತಿಲ್ಲ. ಬೆಳಿಗ್ಗಿ ಕೊಟ್ಟಿದ್ರ..." 

ಮರುದಿನ ಅಳತೆ ತಗ್ಗಿಸಿ ಇಂಜೆಕ್ಷನ್ ಕೊಟ್ಟರು. ಎರಡು ದಿನಕ್ಕೆ ಜ್ವರ ಬಿಟ್ಟಿತು. ಫಕ್ಕೀರಪ್ಪನ ಎಡಗಿವಿಯಲ್ಲಿ ಗುಂಯ್ಯೆನ್ನುವ ಸದ್ದೊಂದು ಉಳಿದೇ ಹೋಯಿತು, ಆದರೂ ಮಾತು ಕೇಳುತ್ತಿತ್ತು. ಮನೆಗೆ ಹೊರಟ ದಿನ ಗಂಗವ್ವ ಸುಗಂಧಾಳ ಕೈ ಹಿಡಿದುಕೊಂಡಳು.

"ಅವತ್ತ ನಿನಗ ಬೈದೆ ತಂಗಿ. ಮತ್ತ ಹಂಗಾದ್ರ ಮತ್ತ ಬೈತೀನಿ. ಸಿಟ್ಟಾಗಬ್ಯಾಡ."

ಸುಗಂಧಾ ನಕ್ಕಳು, ಕಣ್ಣೊರೆಸಿಕೊಂಡಳು.

ನನಗೀಗ ಮುಪ್ಪು. ಎಳೆಗಳು ಒಂದೊಂದಾಗಿ ಚಿನ್ನದಿಂದ ಕಳಚುತ್ತಿವೆ. ಕಳೆದ ವಾರ ಸುಗಂಧಾ ಔಷಧಿ ಅಳೆದು ಕಲಸಿದ ದ್ರಾವಣ ಹಾಕಿ ಕೇಳಿದಳು. ಎರಡಿರುವಲ್ಲಿ ನಾನು ಒಂದು ಎಂದೆ, ಅದೂ ಪೂರ್ತಿ ನಂಬಿಕೆಯಿಂದ. ಅವಳು ಬೇಸರಪಡಲಿಲ್ಲ. ನನ್ನ ತಂತಿ ಬಿಡಿಸಿ, ಹಳದಿ ಮುಚ್ಚಳದ ಕಸದ ಡಬ್ಬಿಗೆ ಹಾಕಿದಳು. ಸೋಮವಾರ ಸುಡುವವರು ಒಯ್ಯುತ್ತಾರಂತೆ.

ನನಗೆ ದುಃಖವಿಲ್ಲ. ಎಲ್ಲೋ ಒಂದು ಮಂಚದ ಬಳಿ ಯಾರೋ ಉಸಿರು ಬಿಗಿಹಿಡಿದು ಕಾಯುತ್ತಿರುವಾಗ, ತಪ್ಪಿದ ಅಂಕಿಯನ್ನು ಅಷ್ಟೇ ಗಟ್ಟಿಯಾಗಿ ಹೇಳುವುದಕ್ಕಿಂತ ಇಲ್ಲಿ ಸುಮ್ಮನಿರುವುದು ಮೇಲು.