ಹಗುರ ಉಂಗುರಗಳು

ನಗುತ್ತಿದ್ದಾನೆ, ನಡುಮನೆಯಲ್ಲಿ ಫೋನಿಗೆ ಕಿವಿ ಕೊಟ್ಟು ನಗುತ್ತಿದ್ದಾನೆ, ಮೊದಲು ಮೂಗಿನಿಂದ ಒಂದು ಗೊರ್, ಆಮೇಲೆ ಹೊಟ್ಟೆಯಿಂದ ಬರುವ ದೊಡ್ಡದು, ಆಚೆ ಇರುವವನು ಟೋಪಿಯವನೇ, ನನ್ನ ಗಂಡ ಬೇರೆ ಯಾರಿಗೂ ಇಷ್ಟು ಧಾರಾಳವಾಗಿ ನಗುವುದಿಲ್ಲ – ಗಾಳ ಹಾಕುವವರ ಆ ಕ್ಲಬ್ಬಿಗೆ ಅವನೇ ಅಧ್ಯಕ್ಷ, ಮಲಗುವಾಗಲಾದರೂ ಟೋಪಿ ತೆಗೆಯುತ್ತಾನೋ ಇಲ್ಲವೋ, ಊರಿಗೆಲ್ಲ ಹಾಕಿ ಮಿಕ್ಕಿದ್ದನ್ನು ತಾನು ಹಾಕಿಕೊಂಡಿರಬೇಕು. ಹೂಂ ಕಣೋ, ನಾನೇ ಕಟ್ತಾ ಇದೀನಿ, ಆ ಹಳೇ ಉಂಗುರ ಎಲ್ಲಾ ಕಿತ್ತಾಕಿ ಸಣ್ಣದು ಕೂರಿಸ್ತಾ ಇದೀನಿ, ಭಾನುವಾರ ನೋಡು, ಎಸೆದ್ರೆ ಆ ದಡಕ್ಕೇ ಹೋಗುತ್ತೆ. ನಾನೇ ಅಂತೆ. ಆ ನಾನೇ ಎಂಬುವವನು ಸೋಫಾದ ಮೇಲೆ ಕಾಲು ಚಾಚಿಕೊಂಡಿದ್ದಾನೆ, ಇಲ್ಲಿ ಹೊಲಿಗೆ ಯಂತ್ರದ ಪಕ್ಕ ಬೆನ್ನು ಬಗ್ಗಿಸಿ ಗಾಳದ ಕೋಲಿಗೆ ಕೆಂಪು ದಾರ ಸುತ್ತುತ್ತಿರುವುದು ಬಹುಶಃ ದೆವ್ವ. ಎಡಗೈ ಕೋಲನ್ನು ತಿರುಗಿಸಬೇಕು, ಬಲಗೈ ದಾರದ ಬಿಗಿ ಬಿಡಬಾರದು, ಸುತ್ತಿನ ಮಗ್ಗುಲಿಗೆ ಸುತ್ತು, ಗಾಳದ ದಾರ ತೂರಿಹೋಗುವ ಉಂಗುರ ಕೋಲಿಗೆ ಕೂತು ಅದರ ಪಾದ ಪೂರ್ತಿ ಮುಚ್ಚುವ ತನಕ, ಉಂಗುರ ಅಂದರೆ ಎಂಥದು, ಎಳೆಮಗುವಿನ ಅಂಗಿಯ ಗುಂಡಿಯೂ ಇದಕ್ಕಿಂತ ದೊಡ್ಡದು, ಉಸಿರು ಬಿಟ್ಟರೆ ಹಾರುತ್ತದೆ, ಒಂದು ಹಾರಿಯೂ ಆಯಿತು, ಮಂಡಿಯೂರಿ ಚಿಂದಿಬಟ್ಟೆಯ ನಡುವೆ ಹುಡುಕಿ ತೆಗೆದೆ, ಆಗಲೂ ಒಳಗಿನಿಂದ ಕೂಗಿದ, ಏನ್ ಬಿತ್ತು, ಏನಿಲ್ಲ ರೀ ಎಂದೆ. ಬಾಯಿ ರೀ ಅನ್ನುತ್ತದೆ, ಅಭ್ಯಾಸಬಲ, ತಲೆಯೊಳಗೆ ಮಾತ್ರ ಅವನಿಗೆ ಬಹುವಚನದ ಭಾಗ್ಯ ತಪ್ಪಿಹೋಗಿ ವರ್ಷಗಳೇ ಆದವು.

ತಪ್ಪಿದ್ದು ಇದೇ ಕೋಲಿನಿಂದ. ಅಪ್ಪ ಕಟ್ಟಿದ ಕೋಲು, ಹಗಲೆಲ್ಲ ಅಂಗಡಿಯಲ್ಲಿ ಜನರ ಪ್ಯಾಂಟು ಹೊಲಿದು ಬಂದು ಸಂಜೆ ಇದನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ, ಕೆಟ್ಟ ಕೊಡೆಯ ಕಡ್ಡಿ ಬಗ್ಗಿಸಿ ಮಾಡಿದ ಉಂಗುರಗಳು, ಒಂದೊಂದರಲ್ಲೂ ಹೆಬ್ಬೆರಳು ತೂರುತ್ತಿತ್ತು, ದಾರ ಸುತ್ತುವುದನ್ನು ನನಗೆ ಕಲಿಸಿದ, ಕೆರೆಗೆ ಮಾತ್ರ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ, ಅಲ್ಲಿ ನಿನಗೇನು ಕೆಲಸ ಪುಟ್ಟಿ, ಬಿಸಿಲು. ಅಳಿಯ ಬಂದ ಮೇಲೆ ಅಳಿಯನನ್ನು ಕರೆದುಕೊಂಡು ಹೋದ, ಕಚೇರಿಯಲ್ಲಿ ಕಡತ ಎತ್ತಿಡುವುದು ಬಿಟ್ಟು ಬೇರೇನೂ ಎತ್ತದ ಅಳಿಯನಿಗೆ ಬಿಸಿಲು ತಾಗುವುದಿಲ್ಲ ನೋಡಿ, ಕೊನೆಗೆ ಕೋಲನ್ನೂ ಅವನ ಕೈಗೇ ಕೊಟ್ಟ. ಕೊಟ್ಟ ವಾರವೇ ಊಟಕ್ಕೆ ಕೂತ ನಾಲ್ಕು ಜನರ ಮುಂದೆ ಈ ಮಹಾರಾಯ ಅದನ್ನು ಎತ್ತಿ ಹಿಡಿದ, ಇದು ಗಾಳದ ಕೋಲೋ ಬಟ್ಟೆ ಒಣಗಿಸೋ ಗಳುವೋ, ನಮ್ಮ ಮಾವ ಟೈಲರ್ ಅಲ್ವಾ, ಎಲ್ಲಕ್ಕೂ ಡಬಲ್ ಹೊಲಿಗೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ – ಅದೇ, ಅದೇ ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯದ್ದು, ನಕ್ಕು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರು ಕುಡಿದ. ಎಷ್ಟು ಹಗುರವಾಗಿ ಮಾತಾಡಿಬಿಟ್ಟ ಇವನು. ಈಗ ಹಗುರದ ಉಂಗುರ ಬೇಕಂತೆ, ತುದಿಯ ಭಾರ ಇಳಿದರೆ ಕೋಲು ಚುರುಕಾಗಿ ಬಳುಕುತ್ತದಂತೆ, ಗಾಳ ದೂರ ಹೋಗುತ್ತದಂತೆ, ನಿಜವೇ, ಜೀವಮಾನದಲ್ಲಿ ಒಂದು ಸಲ ನಿಜ ಹೇಳಿದ್ದಾನೆ, ಅದೂ ಟೋಪಿಯವನಿಂದ ಕೇಳಿಸಿಕೊಂಡು ಬಂದು. ನನ್ನ ಬ್ಲೇಡಿನಿಂದಲೇ ಅಪ್ಪನ ಸುತ್ತುಗಳನ್ನು ಸೀಳಿದೆ. ಉಂಗುರಗಳು ಡಬ್ಬಿಯ ಮುಚ್ಚಳದಲ್ಲಿ ಬಿದ್ದಿವೆ.

ಇನ್ನೊಂದು ಸುತ್ತು, ಉಗುರಿನಿಂದ ಒತ್ತು, ಸರಿ. ಒಂದು ವಿಷಯ ಆ ಬುದ್ಧಿವಂತನಿಗೆ ಹೊಳೆದಿಲ್ಲ, ಟೋಪಿಯವನೂ ಹೇಳಿಲ್ಲ. ರೀಲಿನಲ್ಲಿರುವುದು ತೆಳು ದಾರ, ಕಲ್ಲಿಗೆ ಉಜ್ಜಿ ಹರಿಯಬಾರದೆಂದು ಗಾಳದ ಕಡೆಗೆ ಒಂದಿಷ್ಟು ದಪ್ಪ ದಾರ, ಎರಡನ್ನೂ ಸೇರಿಸುವ ಕಡೆ ಇವನು ಹಾಕುವ ಗಂಟು – ಅಯ್ಯೋ ಆ ಗಂಟು, ಕಾಳುಮೆಣಸಿನಷ್ಟು ದಪ್ಪ, ಇವನ ಮಾತಿನ ಹಾಗೆಯೇ, ಒಂದು ಸುತ್ತು ಸಾಕಾಗುವ ಕಡೆ ಏಳು ಸುತ್ತು, ಮೇಲೊಂದು ಕುಣಿಕೆ, ಆ ಕುಣಿಕೆ ಜಾರದಿರಲೆಂದು ಇನ್ನೊಂದು, ಹೊಲಿಗೆ ಕಲಿಯಲು ಬಂದ ಹುಡುಗಿ ಹೀಗೆ ಗಂಟು ಹಾಕಿದ್ದರೆ ಅಪ್ಪ ನನಗೆ ಬಿಟ್ಟುಹೋದ ಅಂಗಡಿಯಿಂದಲೇ ಓಡಿಸುತ್ತಿದ್ದೆ, ಥೂ, ಯಾವ ಪೆದ್ದ ಕಲಿಸಿದನೋ. ಬೆಳಿಗ್ಗೆ ಇವನ ಗಂಟು ಇರುವ ಹಳೆಯ ದಾರದ ತುಂಡನ್ನು ಹೊಸ ಉಂಗುರದಲ್ಲಿ ತೂರಿಸಿ ಎಳೆದು ನೋಡಿದೆ, ತೆಳು ದಾರ ಸರಾಗವಾಗಿ ಬಂತು, ಬಂತು, ಟಕ್. ಸಣ್ಣ ಉಂಗುರದ ಬಾಯಲ್ಲಿ ಬೂದು ಬಣ್ಣದ ಗಂಟು, ಆಚೆಗೂ ಇಲ್ಲ ಈಚೆಗೂ ಇಲ್ಲ. ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ. ಭಾನುವಾರ ಪಂದ್ಯ, ಇಡೀ ಕ್ಲಬ್ಬು ಸಾಲಾಗಿ ನಿಂತಿರುತ್ತದೆ, ಈ ಜಂಬದ ಕೋಳಿ ಹೊಟ್ಟೆ ಒಳಗೆ ಎಳೆದುಕೊಂಡು ತೋಳು ಬೀಸುತ್ತಾನೆ, ಗಾಳದ ಭಾರಕ್ಕೆ ಕಟ್ಟಿದ ಸೀಸದ ಗುಂಡು ಹಾರಬೇಕು, ಟಕ್, ಗಂಟು ಉಂಗುರಕ್ಕೆ ಸಿಕ್ಕಿ ಕೋಲಿನ ತುದಿ ಲಟಕ್ಕೆಂದು ಮುರಿದು ಅವನ ಕಾಲ ಬುಡದಲ್ಲಿ ಬೀಳುತ್ತದೆ, ಮರ್ಯಾದೆ ಮೂರು ಕಾಸಿಗೆ ಹರಾಜು. ನಾನೇ ಕಟ್ಟಿದ್ದು ಎಂದಿದ್ದಾನಲ್ಲ, ಅನುಭವಿಸಲಿ. ಕೋಲು ಅಪ್ಪನದು ನಿಜ, ಮುರಿಯುವುದು ಅಪ್ಪನ ಕೋಲೇ, ಗೊತ್ತು, ಗೊತ್ತಿದ್ದೇ ಸುತ್ತುತ್ತಿದ್ದೇನೆ, ಮುರಿದರೆ ಮುರಿಯಲಿ, ಅಪ್ಪ ಅವತ್ತು ನಕ್ಕಿದ್ದಕ್ಕೆ ಲೆಕ್ಕ ಚುಕ್ತಾ. ಒಂದು ಮಾತು ಹೇಳಿದರೆ ಸಾಕು, ಗಂಟು ತೆಳುವಾಗಿ ಹಾಕಿ ಅಂತ. ಹೇಳುವುದಿಲ್ಲ.

ಕೊನೆಯ ಉಂಗುರ. ದಾರದ ತುದಿಯನ್ನು ಸುತ್ತಿನ ಅಡಿಗೆ ಎಳೆದೆ, ಕತ್ತರಿಸಿದೆ. ಚಪ್ಪಲಿ ಸದ್ದು, ಬಂದ, ಬಾಗಿಲಿಗೆ ಒರಗಿದ, ಆಯ್ತಾ, ಆಯ್ತು ರೀ, ವಾರ್ನಿಷ್ ಹಚ್ಚಿಲ್ಲ, ದಾರ ಮುಟ್ಟಬೇಡಿ. ಹಿಡಿಯ ಕಡೆ ಹಿಡಿದು ಎತ್ತಿದ, ಗಾಳಿಯಲ್ಲಿ ಒಮ್ಮೆ ಆಡಿಸಿದ, ಏನೋ ಹೇಳುತ್ತಾನೆ, ಗಳು, ಡಬಲ್ ಹೊಲಿಗೆ, ಹೇಳಲಿ – ಹೇಳಲಿಲ್ಲ. ಮುಚ್ಚಳದಲ್ಲಿದ್ದ ಕೊಡೆಕಡ್ಡಿಯ ಉಂಗುರಗಳನ್ನು ಒಂದೊಂದಾಗಿ ಎಣಿಸುವವನ ಹಾಗೆ ಸರಿಸಿದ, ಇವನ್ನ ಎಸೀಬೇಡ, ಎತ್ತಿಡು. ಆಮೇಲೆ ನನ್ನ ಮುಖ ನೋಡದೆ, ಕೋಲಿನ ತುದಿ ನೋಡುತ್ತ, ಉಂಗುರ ಹೋದ್ರೂ ಗಂಟು ಮಾತ್ರ ಮಾವಂದೇ ಕಣೇ, ಮೊದಲನೇ ದಿನ ಕೆರೆ ದಂಡೇಲಿ ನನ್ನ ಬೆರಳು ಹಿಡಿದು ಹಾಕಿಸಿದ್ರು, ಏಳು ಸುತ್ತು, ಮೇಲೆ ಎರಡು ಕುಣಿಕೆ, ಅವರು ಹೋದ ಮೇಲೂ ನಾನು ಬೇರೆ ಗಂಟು ಹಾಕಿಲ್ಲ, ಟೋಪಿ ನಗ್ತಾನೆ, ನಗಲಿ. ಏಳು ಸುತ್ತು. ಪೆದ್ದ ಎಂದೆನಲ್ಲ, ಯಾವ ಪೆದ್ದ ಎಂದೆನಲ್ಲ, ಥೂ ಎಂದೆ, ಅಂಗಡಿಯಿಂದ ಓಡಿಸುತ್ತಿದ್ದೆ ಎಂದೆ, ಅಪ್ಪನನ್ನು, ಅಪ್ಪನದೇ ಅಂಗಡಿಯಿಂದ, ಇವನು ಅಪ್ಪನ ಬಗ್ಗೆ ಹಗುರವಾಗಿ ಮಾತಾಡಿದ್ದು ಒಂದು ಸಲ, ನಾನು ಬೆಳಗಿನಿಂದ – ಹೊರಟ, ಕೋಲನ್ನು ಬಾಗಿಲಿಗೆ ತಾಗದ ಹಾಗೆ ಓರೆ ಮಾಡಿಕೊಂಡು ಹೊರಟ, ಹೊರಟರು, ಹೊರಟ, ಹೇಳಬೇಕು, ಈಗಲೇ, ಹೇಳಿದರೆ ಈ ಉಂಗುರ ಹೋಗಬೇಕು ಇಲ್ಲ ಅಪ್ಪನ ಗಂಟು ಹೋಗಬೇಕು, ಗೊತ್ತಿದ್ದೂ ಸುತ್ತುತ್ತ ಕೂತಿದ್ಯಾ ಎಂದರೆ, ಕೇಳಿಯೇ ಕೇಳುತ್ತಾರೆ, ರೀ ಎಂದೆ. ತಿರುಗಿ ನಿಂತರು. ಏನು. ಮಾತು ಸರಾಗವಾಗಿ ಮೇಲೆ ಬಂತು, ಗಂಟಲವರೆಗೆ ಬಂತು, ರೀ, ಅದು, ಏನೇ ಅದು, ಸಣ್ಣ ಉಂಗುರದ ಬಾಯಲ್ಲಿ ಬೂದು ಬಣ್ಣದ ಗಂಟು, ಆಚೆಗೂ ಇಲ್ಲ, ಈಚೆಗೂ ಇಲ್ಲ, ಬೂದು ಬಣ್ಣದ ಗಂಟು