ಕೀ ಕೊಡುವ ಮೊದಲು ಮುಚ್ಚಳ ತೆಗೆಯಿರಿ

ಶಾಲೆಯ ಗೇಟಿನ ತಿರುವಿನಲ್ಲಿ ವ್ಯಾನಿನ ಸ್ಟೀರಿಂಗ್ ಹಟ ಹಿಡಿಯಿತು. ಗೋಡೆ ಇನ್ನೊಂದು ಗೇಣು ದೂರವಿರುವಾಗ ಸೊಸೆ ಬ್ರೇಕ್ ತುಳಿದಳು. ವ್ಯಾನಿನಲ್ಲಿದ್ದ ಶಾಲೆಯ ಮಕ್ಕಳಿಗೆ ಏನೂ ಆಗಲಿಲ್ಲ. ಸುದ್ದಿ ಮಾತ್ರ ಅವಳಿಗಿಂತ ಮೊದಲೇ ಮನೆ ಸೇರಿತ್ತು.

"ಕೀ ಕೊಡಿ ಅತ್ತಿಗೆ," ಅಂದ ಮೈದುನ. "ಡ್ರೈವರ್ ಇಡೋಣ. ಇದು ಹೆಂಗಸರ ತೋಳಿಗೆ ಬಗ್ಗೋ ಗಾಡಿಯಲ್ಲ."

"ನನ್ನ ಮಗ ಒಂದೇ ಕೈಲಿ ತಿರುಗಿಸ್ತಿದ್ದ," ಅಂದರು ಅತ್ತೆ. ಮಗ ತೀರಿಹೋದ ಮೇಲೆ ಅವರ ಎಲ್ಲ ಮಾತೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

"ಹೋದ ತಿಂಗಳವರೆಗೆ ನಾನೂ ತಿರುಗಿಸ್ತಿದ್ದೆ. ತೋಳು ಅದೇ ಇದೆ. ಕೀ ಕೊಡಲ್ಲ."

ಗಲಾಟೆ ಕೇಳಿ ಪಕ್ಕದ ಮನೆಯ ಅಕ್ಕ ಬಂದಳು. ಅವಳು ಆಂಬುಲೆನ್ಸ್ ಓಡಿಸುವವಳು. "ಪೈಲ್ವಾನ್, ಎಂಜಿನ್ ಚಾಲೂ ಮಾಡಿ ನೀನೇ ತಿರುಗಿಸು, ನೋಡೋಣ."

ಗಾಡಿ ಗೊಂಯ್ ಎಂದು ನರಳಿತು. ಮೈದುನನ ಮುಖ ಕೆಂಪಾಯಿತು. ಸ್ಟೀರಿಂಗ್ ಅರ್ಧಕ್ಕೇ ನಿಂತಿತು.

"ಈಗ ಯಾರ ತೋಳಿಗೆ ಡ್ರೈವರ್ ಇಡೋಣಪ್ಪಾ?" ಅಂದಳು ಸೊಸೆ.

ಎಂಜಿನ್ ಆರಿಸಿ ಬಾನೆಟ್ ಎತ್ತಿದರು. ಸ್ಟೀರಿಂಗ್ ಚಿತ್ರವಿದ್ದ ಪುಟ್ಟ ಮುಚ್ಚಳವನ್ನು ಅಕ್ಕ ತೋರಿಸಿದಳು. "ಮೊದಲು ಒರೆಸು, ದೂಳು ಒಳಗೆ ಬೀಳಬಾರದು." ಸೊಸೆ ಒರೆಸಿ ತೆಗೆದಳು. ಮುಚ್ಚಳಕ್ಕೆ ಅಂಟಿದ ಕಡ್ಡಿಯಲ್ಲಿ ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

"ಸ್ಟೀರಿಂಗಿಗೂ ಎಣ್ಣೆನಾ?" ಅತ್ತೆ ಬಗ್ಗಿ ನೋಡಿದರು.

"ಅದೇ ಅಮ್ಮಾ ಅದನ್ನ ಹಗುರ ಮಾಡೋದು," ಅಂದಳು ಅಕ್ಕ. " ಇದು ಸುಮ್ಮನೆ ಖರ್ಚಾಗಲ್ಲ. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರ್ತಿದೆ."

ಮೈದುನ ಎಂಜಿನ್ ಆಯಿಲ್ ಡಬ್ಬ ತಂದ. "ಎಣ್ಣೆ ತಾನೇ?"

"ತಲೆಗೆ ಹಚ್ಚೋ ಎಣ್ಣೇಲಿ ಅಡುಗೆ ಮಾಡ್ತೀಯಾ? ಮುಚ್ಚಳದ ಮೇಲೆ ಬರೆದಿರೋದನ್ನೇ ತಾ."

ಅವನು ತಂದ. ಸೊಸೆ ಸ್ವಲ್ಪಸ್ವಲ್ಪವೇ ಸುರಿದು, ಮೇಲಿನ ಗೆರೆ ದಾಟದಂತೆ ನಿಲ್ಲಿಸಿದಳು. ಎಂಜಿನ್ ಚಾಲೂ ಮಾಡಿ, ಎಡಕ್ಕೂ ಬಲಕ್ಕೂ ತಿರುಗಿಸಿ, ಆರಿಸಿ, ಮತ್ತೆ ಅಳೆದಳು. ಆಮೇಲೆ ಗಾಡಿಯನ್ನು ಗ್ಯಾರೇಜಿಗೆ ಒಯ್ದಳು. ಅಲ್ಲಿಯವರು ಸೋರುತ್ತಿದ್ದ ಪೈಪು ಬದಲಿಸಿದರು.

ಸಂಜೆ ಶಾಲೆಗೆ ಹೊರಟಾಗ ಅತ್ತೆ ಮುಂದಿನ ಸೀಟು ಹತ್ತಿ ಕೂತರು. "ಆ ತಿರುವನ್ನ ನಾನೂ ನೋಡ್ಬೇಕು."

ಗೇಟಿನ ಬಳಿ ಸೊಸೆ ಒಂದೇ ಕೈಯಲ್ಲಿ ತಿರುಗಿಸಿದಳು.

"ಜಂಬ ಸಾಕು," ಅಂದರು ಅತ್ತೆ. "ಎರಡೂ ಕೈಲಿ ಹಿಡ್ಕೋ. ನಾಳೆನೂ ನೀನೇ ಓಡಿಸ್ಬೇಕು."

ಗಾಡಿ ಓಡಿಸುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸ್ಟೀರಿಂಗ್ ಭಾರವಾದರೆ, ತಿರುಗಿಸುವಾಗ ನರಳಿದರೆ, ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗಿನ ಎಣ್ಣೆ ನೋಡಿ. ಕೆಲವು ಹೊಸ ಗಾಡಿಗಳಲ್ಲಿ ಈ ಎಣ್ಣೆ ಇರುವುದಿಲ್ಲ. ನಿಮ್ಮದು ಯಾವುದೆಂದು ಗ್ಯಾರೇಜಿನಲ್ಲಿ ಕೇಳಿ. ನಿಮ್ಮ ತೋಳಿನ ಮೇಲೆ ಯಾರಾದರೂ ತಪ್ಪು ಹೊರಿಸಿದರೆ ತಲೆ ತಗ್ಗಿಸಬೇಡಿ. ಬಾನೆಟ್ ಎತ್ತಿ.